ರ‍್ಯಾಪರ್ ಮೆಟಲ್ ಕಡೆ ಹೊರಟಾಗ: ಬಾಡಿ ಕೌಂಟ್ ಗಲಾಟೆ ಮತ್ತು ಅದರ ಹಿಂದಿನ ಕೆಲಸ

ಪ್ರಶ್ನೆ: ನಾನು ಕನ್ನಡದಲ್ಲಿ ರ‍್ಯಾಪ್ ಬರೆದು ಹಾಡುತ್ತೇನೆ. ಈಗ ಮೆಟಲ್ ನುಡಿಸುವ ಗೆಳೆಯರ ಜೊತೆ ಬ್ಯಾಂಡ್ ಕಟ್ಟುವ ಯೋಚನೆ ಇದೆ. "ರ‍್ಯಾಪರ್ ಮೆಟಲ್ ಮಾಡಿದರೆ ಎರಡೂ ಕಡೆಯವರು ಬೈಯುತ್ತಾರೆ, ಐಸ್-ಟಿಗೆ ಏನಾಯಿತು ನೋಡು" ಅನ್ನುತ್ತಾರೆ. 1992ರಲ್ಲಿ ನಿಜವಾಗಿ ಏನಾಗಿತ್ತು? ಸಂಗೀತದ ಮಟ್ಟಿಗೆ ಅವರು ಏನನ್ನು ಸರಿಯಾಗಿ ಮಾಡಿದರು? ನಾವು ಶುರು ಮಾಡಿದರೆ ಎಲ್ಲಿ ಎಡವುತ್ತೇವೆ?

ಉತ್ತರ: ನಿಮ್ಮ ಗೆಳೆಯರು ಕೊಟ್ಟ ಉದಾಹರಣೆ ಒಳ್ಳೆಯದೇ, ಆದರೆ ಅವರು ಅದರಿಂದ ಎತ್ತಿದ ಪಾಠ ತಪ್ಪು. ಐಸ್-ಟಿಯ ಮೇಲೆ ಅಮೆರಿಕ ಮುಗಿಬಿದ್ದದ್ದು ಅವರು ಮೆಟಲ್ ಹಾಡಿದರು ಅಂತಲ್ಲ. ಅವರು ಹಾಡಿದ್ದು ಮೆಟಲ್ ಅನ್ನುವುದನ್ನೇ ಬೈದವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಹಾಡುವವನ ಮುಖ ನೋಡಿ ಅದನ್ನು ರ‍್ಯಾಪ್ ಎಂದು ಕರೆದರು, ಆಗ ರ‍್ಯಾಪ್ ಬಗ್ಗೆ ಇದ್ದ ಭಯವನ್ನೆಲ್ಲ ತಂದು ಆ ಹಾಡಿನ ಮೇಲೆ ಸುರಿದರು. ಸಂಗೀತವಾಗಿ ನೋಡಿದರೆ ಐಸ್-ಟಿ ಕಟ್ಟಿದ ಬಾಡಿ ಕೌಂಟ್ ಗೆದ್ದ ಬ್ಯಾಂಡ್. ಯಾಕೆ ಗೆದ್ದಿತು ಅನ್ನುವುದರಲ್ಲೇ ನಿಮಗೆ ಬೇಕಾದ ಉತ್ತರವೂ ಇದೆ: ಐಸ್-ಟಿ ತಮ್ಮ ರ‍್ಯಾಪ್ ಮೇಲೆ ಗಿಟಾರ್ ಹಾಕಿಸಿಕೊಳ್ಳಲಿಲ್ಲ, ಒಂದು ಬ್ಯಾಂಡಿನೊಳಗೆ ಗಾಯಕನಾಗಿ ಹೋಗಿ ನಿಂತರು.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. ಟ್ರೇಸಿ ಮಾರೋ, ಅಂದರೆ ಐಸ್-ಟಿ, ಹುಟ್ಟಿದ್ದು 1958ರಲ್ಲಿ, ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ. ತಂದೆತಾಯಿ ತೀರಿಕೊಂಡ ಮೇಲೆ ಬೆಳೆದದ್ದು ಲಾಸ್ ಏಂಜಲೀಸ್‌ನ ನೆಂಟರ ಮನೆಯಲ್ಲಿ. ಅಲ್ಲಿದ್ದ ಸೋದರಸಂಬಂಧಿ ರಾಕ್ ರೇಡಿಯೊ ಹಚ್ಚಿಟ್ಟೇ ಇರುತ್ತಿದ್ದುದರಿಂದ ಬ್ಲ್ಯಾಕ್ ಸ್ಯಾಬತ್ ಎಂಬ ಮೆಟಲ್ ಬ್ಯಾಂಡ್ ಕಿವಿಗೆ ಬಿತ್ತು. 1987ರಲ್ಲಿ ಬಂದ ಮೊದಲ ಆಲ್ಬಂ 'ರೈಮ್ ಪೇಸ್'ನ ಶೀರ್ಷಿಕೆ ಹಾಡಿನಲ್ಲೇ ಸ್ಯಾಬತ್‌ನ 'ವಾರ್ ಪಿಗ್ಸ್' ತುಣುಕು ಕೇಳಿಸುತ್ತದೆ. 1990ರಲ್ಲಿ ಬ್ಯಾಂಡ್ ಕಟ್ಟಿದಾಗ ಜೊತೆಗೆ ಬಂದವರು ಕ್ರೆನ್‌ಶಾ ಹೈಸ್ಕೂಲಿನ ಪರಿಚಯದವರು: ಲೀಡ್ ಗಿಟಾರಿಗೆ ಅರ್ನಿ ಸಿ, ರಿದಂ ಗಿಟಾರಿಗೆ ಡಿ-ರಾಕ್, ಬೇಸ್‌ಗೆ ಮೂಸ್‌ಮ್ಯಾನ್, ಡ್ರಮ್ಸ್‌ಗೆ ಬೀಟ್‌ಮಾಸ್ಟರ್ ವಿ. ಬಾಡಿಗೆಗೆ ಕರೆಸಿದ ಸ್ಟುಡಿಯೊ ವಾದಕರು ಇವರಲ್ಲಿ ಯಾರೂ ಇರಲಿಲ್ಲ.

ಆ ಹೊತ್ತಿಗೆ ರ‍್ಯಾಪ್ ಮತ್ತು ಗಟ್ಟಿ ಗಿಟಾರಿನ ಬೆಸುಗೆ ಹೊಸದೇನಲ್ಲ. 1984ರಲ್ಲೇ ರ‍್ಯಾಪ್ ತಂಡ ರನ್-ಡಿಎಂಸಿ 'ರಾಕ್ ಬಾಕ್ಸ್' ಮಾಡಿದ್ದರು, 1986ರಲ್ಲಿ ರಾಕ್ ಬ್ಯಾಂಡ್ ಏರೋಸ್ಮಿತ್ ಜೊತೆ ಸೇರಿದ್ದರು, 1991ರಲ್ಲಿ ಮೆಟಲ್ ಬ್ಯಾಂಡ್ ಆಂಥ್ರಾಕ್ಸ್ ಮತ್ತು ರ‍್ಯಾಪ್ ತಂಡ ಪಬ್ಲಿಕ್ ಎನಿಮಿ ಒಂದೇ ಹಾಡಿನಲ್ಲಿ ಬಂದರು. ಆದರೆ ಅವೆಲ್ಲ ಎರಡು ಪ್ರಕಾರಗಳು ಕೈಕುಲುಕಿದ ಹಾಡುಗಳು. ಬಾಡಿ ಕೌಂಟ್ ಆಲ್ಬಮ್ಮಿನಲ್ಲಿ ಪ್ರಾಸ ಕಟ್ಟಿ ಬೀಟಿಗೆ ಹರಿಸುವ ರ‍್ಯಾಪ್ ಬಹಳ ಕಡಿಮೆ. ಐಸ್-ಟಿ ಅಲ್ಲಿ ಚಿಕ್ಕ ಸಾಲು ಬರೆದು, ಹಾರ್ಡ್‌ಕೋರ್ ಪಂಕ್ ಗಾಯಕರ ಹಾಗೆ ಅರ್ಧ ಮಾತು ಅರ್ಧ ಕೂಗಿನಲ್ಲಿ ಹಾಡುತ್ತಾರೆ. ರ‍್ಯಾಪ್‌ನಿಂದ ಅವರು ತಂದದ್ದು ಕಥೆ ಹೇಳುವ ಕ್ರಮ, ಪಾತ್ರವಾಗಿ ನಿಂತು ಮಾತಾಡುವ ಅಭ್ಯಾಸ, ಹಾಡುಗಳ ನಡುವೆ ಬರುವ ಮಾತಿನ ತುಣುಕುಗಳು. ಉಳಿದದ್ದು ಸ್ಯಾಬತ್, ಸ್ಲೇಯರ್, ಸೂಯಿಸೈಡಲ್ ಟೆಂಡೆನ್ಸೀಸ್ ಥರದ ಮೆಟಲ್, ಹಾರ್ಡ್‌ಕೋರ್ ಬ್ಯಾಂಡುಗಳ ದಾರಿ.

ಅವರು ಕೇಳುಗರನ್ನು ಸಿದ್ಧಗೊಳಿಸಿದ ರೀತಿಯೂ ಗಮನಿಸಬೇಕಾದದ್ದು. ಬ್ಯಾಂಡಿನ ಹೆಸರಿನದೇ ಹಾಡೊಂದನ್ನು ಮೊದಲು 1991ರ ತಮ್ಮ ರ‍್ಯಾಪ್ ಆಲ್ಬಂ 'ಓಜಿ ಒರಿಜಿನಲ್ ಗ್ಯಾಂಗ್‌ಸ್ಟರ್'ನಲ್ಲಿ ಸೇರಿಸಿದರು. ಅದೇ ವರ್ಷ ಲೊಲ್ಲಾಪಲೂಜಾ ಎಂಬ ಸಂಗೀತೋತ್ಸವದ ಮೊದಲ ಪ್ರವಾಸದಲ್ಲಿ ತಮ್ಮ ಸಮಯವನ್ನು ಎರಡು ಭಾಗ ಮಾಡಿ, ಮೊದಲು ರ‍್ಯಾಪ್, ಆಮೇಲೆ ಬ್ಯಾಂಡ್ ಎಂದು ನಡೆಸಿದರು. ಆಲ್ಬಂ ಬಂದದ್ದು 1992ರ ಮಾರ್ಚಿನಲ್ಲಿ, ವಾರ್ನರ್ ಬ್ರದರ್ಸ್‌ನ ಸೈರ್ ಲೇಬಲ್ಲಿನಿಂದ. ಅದರ ಕೊನೆಯ ಹಾಡು 'ಕಾಪ್ ಕಿಲ್ಲರ್'.

ಇಲ್ಲಿ ದಿನಾಂಕಗಳ ಕ್ರಮ ಬಹಳ ಮುಖ್ಯ, ಯಾಕೆಂದರೆ ಗಲಾಟೆಯ ಕಥೆಯನ್ನು ಸಾಮಾನ್ಯವಾಗಿ ತಲೆಕೆಳಗು ಹೇಳುತ್ತಾರೆ. ಪೊಲೀಸರ ದೌರ್ಜನ್ಯದಿಂದ ರೋಸಿಹೋದ ಒಂದು ಪಾತ್ರದ ಬಾಯಲ್ಲಿ ಬರುವ ಈ ಹಾಡನ್ನು 1991ರ ಪ್ರವಾಸದಲ್ಲೇ ವೇದಿಕೆಯ ಮೇಲೆ ಹಾಡಿಯಾಗಿತ್ತು. ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಗೆ ಹೊಡೆದ ಪೊಲೀಸರು ಖುಲಾಸೆಯಾಗಿ ಲಾಸ್ ಏಂಜಲೀಸ್ ಹೊತ್ತಿ ಉರಿದದ್ದು 1992ರ ಏಪ್ರಿಲ್ 29ರಿಂದ. ಹಾಡಿಗೆ ವಿರೋಧ ಎದ್ದದ್ದು ಜೂನ್‌ನಲ್ಲಿ, ಟೆಕ್ಸಸ್‌ನ ಪೊಲೀಸ್ ಸಂಘಟನೆಯೊಂದು ಮಾತೃಸಂಸ್ಥೆ ಟೈಮ್ ವಾರ್ನರ್‌ನ ಎಲ್ಲ ಸರಕನ್ನೂ ಬಹಿಷ್ಕರಿಸಿ ಎಂದು ಕರೆ ಕೊಟ್ಟಾಗ. ಅಂದರೆ ಗಲಭೆಯಿಂದ ಹಾಡು ಹುಟ್ಟಲಿಲ್ಲ. ಗಲಭೆಯ ನಂತರದ ಚುನಾವಣಾ ವರ್ಷದಲ್ಲಿ ಹಾಡು ಕೈಗೆ ಸಿಕ್ಕಿತು. ಅಧ್ಯಕ್ಷ ಜಾರ್ಜ್ ಬುಷ್, ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಇಬ್ಬರೂ ಖಂಡಿಸಿದರು. ಜುಲೈನಲ್ಲಿ ಟೈಮ್ ವಾರ್ನರ್ ಷೇರುದಾರರ ಸಭೆಯಲ್ಲಿ ನಟ ಚಾರ್ಲ್ಟನ್ ಹೆಸ್ಟನ್ ಎದ್ದು ನಿಂತು ಆಲ್ಬಮ್ಮಿನ ಸಾಹಿತ್ಯವನ್ನು ಗಟ್ಟಿಯಾಗಿ ಓದಿದರು. ಇನ್ನೊಂದು ಕಡೆ, ಕಪ್ಪು ಪೊಲೀಸರ ರಾಷ್ಟ್ರೀಯ ಸಂಘ ಬಹಿಷ್ಕಾರವನ್ನೇ ವಿರೋಧಿಸಿತು. ಈ ಭಾಗವನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಜುಲೈ 28ರಂದು ಐಸ್-ಟಿ ಆ ಹಾಡನ್ನು ಆಲ್ಬಮ್ಮಿನಿಂದ ತೆಗೆಯುವುದಾಗಿ ಘೋಷಿಸಿದರು. ಅವರು ಕೊಟ್ಟ ಕಾರಣ, ಕಂಪನಿಯ ನೌಕರರಿಗೆ ಬರುತ್ತಿದ್ದ ಬೆದರಿಕೆ. ಹಾಡಿನ ಜಾಗಕ್ಕೆ ಅವರದೇ ಹಳೆಯ 'ಫ್ರೀಡಂ ಆಫ್ ಸ್ಪೀಚ್' ಬಂತು. ಯಾವ ಕೋರ್ಟೂ ಹಾಡನ್ನು ನಿಷೇಧಿಸಿರಲಿಲ್ಲ. 1993ರ ಆರಂಭದಲ್ಲಿ ಮುಂದಿನ ರ‍್ಯಾಪ್ ಆಲ್ಬಮ್ಮಿನ ಮುಖಪುಟದ ವಿಷಯಕ್ಕೆ ತಕರಾರಾಗಿ ವಾರ್ನರ್ ಜೊತೆಗಿನ ಸಂಬಂಧವೇ ಮುಗಿಯಿತು.

1974ರಲ್ಲಿ ಎರಿಕ್ ಕ್ಲ್ಯಾಪ್ಟನ್ ಹಾಡಿದ, ಶೆರಿಫ್ ಒಬ್ಬನಿಗೆ ಗುಂಡು ಹೊಡೆದೆ ಎನ್ನುವ ಬಾಬ್ ಮಾರ್ಲಿಯ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು, ಯಾವ ಪೊಲೀಸ್ ಸಂಘಟನೆಯೂ ಬಹಿಷ್ಕಾರಕ್ಕೆ ಕರೆ ಕೊಡಲಿಲ್ಲ. ಎರಡೂ ಹಾಡಿನಲ್ಲಿ ಮಾತಾಡುವುದು ಪಾತ್ರವೇ. 'ಕಾಪ್ ಕಿಲ್ಲರ್' ಹೆಚ್ಚು ಒರಟು, ನಿಜ. ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥರ ಹೆಸರು ಹಿಡಿದೇ ಕೂಗುತ್ತದೆ, ಅದೂ ನಿಜ. ಆದರೂ ಆ ವ್ಯತ್ಯಾಸವೊಂದೇ ಅಷ್ಟು ದೊಡ್ಡ ಬೆಂಕಿಗೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಪ್ಪು ರ‍್ಯಾಪರ್ ಒಬ್ಬ ಪಾತ್ರ ಕಟ್ಟಬಲ್ಲ ಎಂದು ಒಪ್ಪಲು ಆ ದೇಶದ ದೊಡ್ಡ ಭಾಗಕ್ಕೆ ಮನಸ್ಸಿರಲಿಲ್ಲ. ಚಕ್ ಬೆರಿ, ಲಿಟಲ್ ರಿಚರ್ಡ್, ಹೆಂಡ್ರಿಕ್ಸ್ ಥರದ ಕಪ್ಪು ಕಲಾವಿದರು ಇದ್ದ ಸಂಗೀತಕ್ಕೆ, ಬ್ಯಾಡ್ ಬ್ರೇನ್ಸ್ ಮತ್ತು ಲಿವಿಂಗ್ ಕಲರ್ ಎಂಬ ಕಪ್ಪು ಬ್ಯಾಂಡುಗಳು ಆಗಲೇ ಬಂದುಹೋಗಿದ್ದ ಸಂಗೀತಕ್ಕೆ, ಇವನು ಹೊರಗಿನವನು ಎಂದು ಹೇಳುವುದೇ ವಿಚಿತ್ರ. ಮೆಟಲ್ ಲೋಕ ಕೊನೆಗೆ ಆ ಮಾತು ಹೇಳಲಿಲ್ಲ. ಬ್ಯಾಂಡ್ ಇವತ್ತಿಗೂ ಇದೆ. ಬೀಟ್‌ಮಾಸ್ಟರ್ ವಿ, ಮೂಸ್‌ಮ್ಯಾನ್, ಡಿ-ರಾಕ್ ಮೂವರೂ ತೀರಿಕೊಂಡ ಮೇಲೂ ಐಸ್-ಟಿ, ಅರ್ನಿ ಸಿ ಬಿಡದೆ ನಡೆಸಿದರು. 2021ರಲ್ಲಿ 'ಬಮ್-ರಶ್' ಹಾಡಿಗೆ ಅತ್ಯುತ್ತಮ ಮೆಟಲ್ ಪ್ರದರ್ಶನದ ಗ್ರ್ಯಾಮಿ ಬಂತು.

ಇನ್ನು ನಿಮ್ಮ ಕೆಲಸಕ್ಕೆ ಬರೋಣ.

ರ‍್ಯಾಪರ್-ಮೆಟಲ್ ಪ್ರಯತ್ನಗಳು ಕೆಡುವುದು ಸಾಮಾನ್ಯವಾಗಿ ಮೊದಲ ದಿನವೇ, ವೇಗದ ಲೆಕ್ಕದಲ್ಲಿ. ನೀವು 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) ಹದಿನಾರನೇ ಸ್ವರಗಳ ಮೇಲೆ, ಅಂದರೆ ಬೀಟಿಗೆ ನಾಲ್ಕರಂತೆ, ಹಾಡಿದರೆ ಸೆಕೆಂಡಿಗೆ 6 ಅಕ್ಷರ ಬೀಳುತ್ತದೆ. ಥ್ರ್ಯಾಶ್ ಎಂಬ ವೇಗದ ಮೆಟಲ್ ನುಡಿಸುವ ಡ್ರಮ್ಮರ್ 180ರಲ್ಲಿ ನುಡಿಸಿದಾಗ ಅದೇ ಹದಿನಾರನೇ ಸ್ವರ ಸೆಕೆಂಡಿಗೆ 12 ಆಗುತ್ತದೆ. ಯಾವ ನಾಲಿಗೆಗೂ ಹಾಡಿನುದ್ದಕ್ಕೂ ಅದು ಸಾಧ್ಯವಿಲ್ಲ. ಆದರೆ 180ರ ಎಂಟನೇ ಸ್ವರ (ಬೀಟಿಗೆ ಎರಡು) ಮತ್ತೆ ಸೆಕೆಂಡಿಗೆ 6. ಆದ್ದರಿಂದ ನಿಮ್ಮ ಹಳೆಯ ಒಂದು ಬಾರ್ (ನಾಲ್ಕು ಬೀಟಿನ ಸುತ್ತು) ಮೆಟಲ್‌ನಲ್ಲಿ ಎರಡು ಬಾರ್ ಆಗುತ್ತದೆ: ಮೊದಲು ಬಾರ್‌ಗೆ 16 ಮಾತ್ರೆ ಇದ್ದದ್ದು ಈಗ ಬಾರ್‌ಗೆ 8. ಕಾಗದದ ಮೇಲೆ ಮಾತ್ರೆ ಹಾಕಿ ಎಣಿಸಿ, ಗುರುವಿಗೆ 2, ಲಘುವಿಗೆ 1. ಒಂದು ಬಾರ್‌ಗೆ 8ಕ್ಕಿಂತ ಹೆಚ್ಚಾದ ಸಾಲನ್ನು ಒಡೆಯಿರಿ, ಇಲ್ಲವೇ ಪದ ಬಿಸಾಡಿ. ಎಂಟೂ ತುಂಬಬೇಡಿ, 6 ಅಥವಾ 7ಕ್ಕೆ ನಿಲ್ಲಿಸಿ. ಉಳಿದ ಜಾಗ ಉಸಿರಿಗೆ ಬೇಕು. 200 ದಾಟಿದ ವೇಗದಲ್ಲಿ ಅಥವಾ ಬ್ಲಾಸ್ಟ್ ಬೀಟ್ (ಬಿಡುವಿಲ್ಲದ ಅತಿ ವೇಗದ ಡ್ರಮ್ ಏಟು) ಮೇಲೆ ರ‍್ಯಾಪ್ ಪ್ರಯತ್ನಿಸುವುದೇ ಬೇಡ. ಅಲ್ಲಿ ಎರಡು ಬಾರ್‌ಗೆ ಒಂದು ಉದ್ದ ಕೂಗು ಸಾಕು.

ಕನ್ನಡದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ, ಅದರಲ್ಲೂ ಉಕಾರದಲ್ಲಿ. ತುಟಿ ಕೂಡಿಸಿ ಹೇಳುವ ಉಕಾರವನ್ನು ಜೋರಾಗಿ ಕೂಗಲು ಆಗುವುದಿಲ್ಲ. ಗಿಟಾರಿನ ಸದ್ದಿನಲ್ಲಿ ಅದು ಮುಳುಗುತ್ತದೆ. ಪಲ್ಲವಿಯ ಸಾಲುಗಳನ್ನು ಆ, ಏ, ಓ ಧ್ವನಿಯಲ್ಲಿ ಮುಗಿಸಿ. ಚರಣದಲ್ಲಿ ಆಡುಮಾತಿನ ರೂಪ ಬಳಸಿ: 'ಬಂದರು' ಮೂರು ಅಕ್ಷರ, 'ಬಂದ್ರು' ಎರಡು, ಏಟೂ ಗಟ್ಟಿ. ಕತ್ತಲು, ಕಟ್ಟು, ರೊಕ್ಕ, ಸತ್ತ ಮುಂತಾದ ಒತ್ತಕ್ಷರದ ಪದಗಳು ಈ ಸಂಗೀತಕ್ಕೆ ಹೇಳಿ ಮಾಡಿಸಿದಂಥವು. ದ್ವಿತ್ವ ಹೇಳುವಾಗ ಬಾಯಲ್ಲಿ ಒಂದು ಕ್ಷಣ ಗಾಳಿ ಕಟ್ಟುತ್ತದೆ. ಗಿಟಾರಿಸ್ಟ್ ಅಂಗೈ ಊರಿ ತಂತಿ ಅದುಮಿದಾಗ ಬರುವ ಮೌನವೂ ಅಷ್ಟೇ ಗಿಡ್ಡದು. ಎರಡನ್ನೂ ಒಂದೇ ಕಡೆ ಬೀಳಿಸಿದರೆ ಮಾತು ಮತ್ತು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಒಂದೇ ಏಟಾಗಿ ಕೇಳುತ್ತದೆ. ಪ್ರಾಸದಲ್ಲೂ ಸಾಲುಗಳ ಎರಡನೇ ಅಕ್ಷರ ಒಂದೇ ಆಗಿರುವ ನಮ್ಮ ಹಳೆಯ ಆದಿಪ್ರಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಂತ್ಯಪ್ರಾಸ ಸಾಮಾನ್ಯವಾಗಿ 4ನೇ ಬೀಟಿನ ಸ್ನೇರ್ ಮೇಲೆ ಬಿದ್ದು ಅರ್ಧ ಮುಚ್ಚಿಹೋಗುತ್ತದೆ. ಸಾಲಿನ ಎರಡನೇ ಅಕ್ಷರ ಮೊದಲ ಏಟು ಮುಗಿದ ನಂತರದ ಬಿಡುವಿನಲ್ಲಿ ಬರುವುದರಿಂದ ಸ್ಪಷ್ಟವಾಗಿ ಕೇಳಿಸುತ್ತದೆ.

ಹಾಡು ಕಟ್ಟುವಾಗ ರಿಫ್ ಮೊದಲು ಬರಲಿ, ಸಾಹಿತ್ಯ ಆಮೇಲೆ. ಮೊದಲೇ ಬರೆದಿಟ್ಟ ರ‍್ಯಾಪ್‌ಗೆ ಗಿಟಾರ್ ಹೊಂದಿಸಿದರೆ ಗಿಟಾರ್ ಬರೀ ಹಿನ್ನೆಲೆಯ ಗದ್ದಲವಾಗುತ್ತದೆ, ಮೆಟಲ್ ಕೇಳುಗರು ಮೊದಲ ನಿಮಿಷದಲ್ಲೇ ಅದನ್ನು ಕಂಡುಹಿಡಿಯುತ್ತಾರೆ. ರಿಫ್ ತಾನೇ ಒಂದು ವಾಕ್ಯ. ಅದು ಮಾತಾಡುವಾಗ ನೀವು ಸುಮ್ಮನಿರಿ, ನೀವು ಮಾತಾಡುವಾಗ ಅದು ಒಂದೇ ತಂತಿಯ ಮೇಲೆ ಅದುಮಿದ ಏಟುಗಳಿಗೆ ಇಳಿಯಲಿ. ಪೂರ್ತಿ ತೆರೆದ ಕಾರ್ಡ್‌ಗಳನ್ನು ಪಲ್ಲವಿಗೆ ಉಳಿಸಿ. ಎರಡನೇ ಚರಣದ ಮೊದಲ 4 ಬಾರ್ ಬರೀ ಬೇಸ್ ಮತ್ತು ಡ್ರಮ್ಸ್ ಇಟ್ಟು ನೋಡಿ; ಸಾಹಿತ್ಯ ಕೇಳಿಸುವ ಮುಖ್ಯ ಜಾಗ ಅದೇ ಆಗುತ್ತದೆ.

ಮತ್ತೆ ಕ್ಲಿಕ್, ಅಂದರೆ ವೇಗ ಹಿಡಿದಿಡುವ ಟಿಕ್ ಟಿಕ್ ಸದ್ದು. ನೀವು ಇಷ್ಟು ದಿನ ಕಂಪ್ಯೂಟರ್ ಬೀಟಿಗೆ ಹಾಡಿದ್ದೀರಿ, ಅದು ಅಲುಗುವುದಿಲ್ಲ. ಉತ್ಸಾಹದಲ್ಲಿರುವ ಡ್ರಮ್ಮರ್ ಪಲ್ಲವಿ ಬಂದಾಗ 5-6 ಬಿಪಿಎಂ ಏರಿಸಿಬಿಡುತ್ತಾರೆ, ಮೂರನೇ ಚರಣದಲ್ಲಿ ನಿಮ್ಮ ಉಸಿರು ಕೈಕೊಡುತ್ತದೆ, ತಪ್ಪು ನಿಮ್ಮದೆಂದು ಎಲ್ಲರೂ ತಿಳಿಯುತ್ತಾರೆ. ಡ್ರಮ್ಮರ್ ಕಿವಿಗೆ ಕ್ಲಿಕ್ ಹಾಕಿ. ಪಲ್ಲವಿಗೆ ಸ್ವಲ್ಪ ನೂಕು ಬೇಕೆನಿಸಿದರೆ ಕ್ಲಿಕ್‌ನಲ್ಲೇ 2 ಬಿಪಿಎಂ ಏರಿಸಿಟ್ಟುಕೊಳ್ಳಿ.

ರೆಕಾರ್ಡಿಂಗ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳ ನಡೆಯುವುದು 2ರಿಂದ 4 ಕಿಲೋಹರ್ಟ್ಸ್ ಜಾಗಕ್ಕಾಗಿ. ವ್ಯಂಜನಗಳ ಸ್ಪಷ್ಟತೆ ಅಲ್ಲೇ, ಡಿಸ್ಟಾರ್ಷನ್ ಗಿಟಾರಿನ ಚೂಪೂ ಅಲ್ಲೇ. ಧ್ವನಿ ಏರಿಸುತ್ತಾ ಹೋದರೆ ಹಾಡು ಕ್ಯಾರಿಯೋಕೆ ಥರ ಕೇಳುತ್ತದೆ. ಬದಲಿಗೆ ಗಿಟಾರಿಗೆ ಜಾಗ ಬಿಡಲು ಹೇಳಿ. ರಿದಂ ಗಿಟಾರನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿ. ನಡುವಿನ ಜಾಗ ಧ್ವನಿಗೆ ಖಾಲಿಯಾಗುತ್ತದೆ. ಒಂದೇ ಟೇಕ್ ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅಗಲ ಬರುವುದಿಲ್ಲ, ಸದ್ದು ಮಾತ್ರ ಏರುತ್ತದೆ. ಕಾಪಿಯನ್ನು 15 ಮಿಲಿಸೆಕೆಂಡ್ ಸರಿಸಿಟ್ಟರೆ ಹೆಡ್‌ಫೋನಿನಲ್ಲಿ ಅಗಲವಾಗಿಯೇ ಕೇಳುತ್ತದೆ, ಆದರೆ ಮೊಬೈಲಿನ ಒಂಟಿ ಸ್ಪೀಕರಿನಲ್ಲಿ ಎರಡೂ ಕೂಡಿ ಗಿಟಾರ್ ಟೊಳ್ಳಾಗುತ್ತದೆ. ಎರಡು ಸಲ ನುಡಿಸಿದ ಮೇಲೆ ಗೇನ್ (ಡಿಸ್ಟಾರ್ಷನ್‌ನ ಮಟ್ಟ) ತಗ್ಗಿಸಲೇಬೇಕು, 10ರಲ್ಲಿ 8 ಇದ್ದರೆ 5ಕ್ಕೆ ತನ್ನಿ. ಪರೀಕ್ಷೆ ಸುಲಭ: ಅದುಮಿದ ಎರಡು ಏಟಿನ ನಡುವೆ ನಿಜವಾದ ಮೌನ ಕೇಳಬೇಕು. ಗಿಟಾರಿನಲ್ಲಿ 80-100 ಹರ್ಟ್ಸ್ ಕೆಳಗಿನದನ್ನು, ಧ್ವನಿಯಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಧ್ವನಿ ಬಂದಾಗ ಮಾತ್ರ ಗಿಟಾರಿನ 3 ಕಿಲೋಹರ್ಟ್ಸ್ ಸುತ್ತ 2-3 ಡಿಬಿ ಇಳಿಯುವ ಹಾಗೆ ಡೈನಮಿಕ್ ಇಕ್ಯೂ ಕಟ್ಟಿ.

808 ಬೇಸ್ (ಡ್ರಮ್ ಮಷೀನಿನ ಆಳವಾದ ಬೇಸ್ ಸದ್ದು) ಬಿಡಲು ನಿಮಗೆ ಮನಸ್ಸಾಗುವುದಿಲ್ಲ, ಗೊತ್ತು. ಆದರೆ ಗಿಟಾರ್ ಇ ಶ್ರುತಿಯಲ್ಲಿದ್ದರೆ 808ರ ಮೂಲಸ್ವರ 41 ಹರ್ಟ್ಸ್, ಡ್ರಾಪ್ ಡಿ (ದಪ್ಪ ತಂತಿಯನ್ನು ಡಿಗೆ ಇಳಿಸಿದ ಶ್ರುತಿ) ಆದರೆ 37. ಚಿಕ್ಕ ಸಭಾಂಗಣದ ಸ್ಪೀಕರ್‌ಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಅದೂ ಸಾಲದೆಂದು ಬೇಸ್ ಗಿಟಾರ್, ಡಬಲ್ ಕಿಕ್ ಜೊತೆ ಅದು ಹೊಡೆದಾಡಿ ಮೂರೂ ಕಲಸಿಹೋಗುತ್ತವೆ. ಡಬಲ್ ಕಿಕ್ ಓಡುವ ಕಡೆ 808 ಪೂರ್ತಿ ತೆಗೆಯಿರಿ, ನಿಧಾನದ ಬ್ರೇಕ್‌ಡೌನ್‌ನ ಮೊದಲ ಏಟಿಗೆ ಮಾತ್ರ ಇಡಿ, ಹಾಡಿನ ಶ್ರುತಿಗೆ ಹೊಂದಿಸಿ.

ವೇದಿಕೆಯ ಮೇಲೆ ರ‍್ಯಾಪರ್‌ಗಳು ಮಾಡುವ ದೊಡ್ಡ ತಪ್ಪು ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು. ಎಸ್‌ಎಂ58 ಥರದ ಮೈಕ್ ಹಿಂದಿನ ಸದ್ದನ್ನು ತಳ್ಳಿಹಾಕುವುದು ಜಾಲರಿಯ ಹಿಂಭಾಗದ ಕಿಂಡಿಗಳಿಂದ. ಅದನ್ನು ಮುಚ್ಚಿದರೆ ಮೈಕ್ ಎಲ್ಲ ದಿಕ್ಕಿನಿಂದ ಸದ್ದು ಎಳೆಯುತ್ತದೆ: ಹಿಂದಿನ ಸಿಂಬಲ್, ಮುಂದಿನ ಮಾನಿಟರ್, ಆಮೇಲೆ ಕೂಗು ಫೀಡ್‌ಬ್ಯಾಕ್. ಟ್ರ್ಯಾಕ್ ಮೇಲೆ ಹಾಡುವಾಗ ಇದು ಹೇಗೋ ನಡೆಯುತ್ತದೆ, ಬೆನ್ನ ಹಿಂದೆ ಡ್ರಮ್ಸ್ ಇದ್ದಾಗ ನಡೆಯುವುದಿಲ್ಲ. ಹಿಡಿ ಕಾಂಡದಲ್ಲಿರಲಿ, ತುಟಿ ಜಾಲರಿಗೆ ತಾಗುವಷ್ಟು ಹತ್ತಿರ, ಮಾನಿಟರ್ ಮೈಕಿನ ನೇರ ಬೆನ್ನಿಗೆ.

ಗಂಟಲಿನ ಬಗ್ಗೆ ದಯವಿಟ್ಟು ಗಂಭೀರವಾಗಿರಿ. ಗ್ರೌಲ್ (ಗಂಟಲಾಳದಿಂದ ಗುರುಗುಟ್ಟುವ ಕೂಗು) ಮಾಡಿದರೆ ಮಾತ್ರ ಮೆಟಲ್ ಅಂತ ಯಾವ ನಿಯಮವೂ ಇಲ್ಲ. ಐಸ್-ಟಿ ತಮ್ಮ ಮಾತಿನ ಧ್ವನಿಯನ್ನೇ ಬಿಗಿಗೊಳಿಸಿ ಹಾಡುತ್ತಾರೆ. ಬೇರೆ ಬಣ್ಣ ಬೇಕಾದಾಗ ಬೇರೆಯವರನ್ನು ಕರೆಯುತ್ತಾರೆ. 2017ರ 'ಬ್ಲಡ್‌ಲಸ್ಟ್'ನಲ್ಲಿ ಮ್ಯಾಕ್ಸ್ ಕವಲೇರಾ, ರ‍್ಯಾಂಡಿ ಬ್ಲೈತ್ ಬಂದದ್ದು ಹಾಗೆ. ನಿಮ್ಮಲ್ಲೂ ಗಿಟಾರಿಸ್ಟ್ ಗ್ರೌಲ್ ಮಾಡುವವರಾದರೆ ಪಲ್ಲವಿ ಅವರಿಗೆ ಕೊಡಿ. ಹಾಡುವ ಮೊದಲು 10-15 ನಿಮಿಷ ಧ್ವನಿ ಬಿಸಿ ಮಾಡಿಕೊಳ್ಳಿ, 45 ನಿಮಿಷದ ತಾಲೀಮಿಗೊಮ್ಮೆ ಬಿಡುವು ಕೊಡಿ. ಉರಿ ಅಥವಾ ನೋವು ಕಂಡರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ. ಎರಡು ವಾರ ದಾಟಿಯೂ ಧ್ವನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ.

ಸಾಹಿತ್ಯದಲ್ಲಿ ಸಿಟ್ಟು ಇರಲಿ, ಆದರೆ ಮಾತಾಡುತ್ತಿರುವುದು ಯಾರು ಎಂಬುದು ಹಾಡಿನೊಳಗೇ ತಿಳಿಯಬೇಕು. ಇದು ಪಾತ್ರ ಎಂದು ಐಸ್-ಟಿ ಆಮೇಲೆ ಎಷ್ಟು ವಿವರಿಸಿದರೂ ಬೈಯುವವರ ಕಿವಿಗೆ ಹೋಗಲಿಲ್ಲ. ಅವನು ಎಲ್ಲಿಯವನು, ಅವನಿಗೆ ಏನಾಗಿದೆ ಎಂಬುದು ಮೊದಲ ಚರಣದಲ್ಲಿ ಬರಲಿ. ಬದುಕಿರುವ ವ್ಯಕ್ತಿಯ ಹೆಸರು ಹಾಕುವ ಮುಂಚೆ, ಹೆಸರಿಲ್ಲದೆ ಸಾಲು ನಿಲ್ಲುತ್ತದೆಯೇ ನೋಡಿ. ನಿಂತರೆ ಹೆಸರು ಬೇಡ.

ಹಕ್ಕುಗಳ ವಿಷಯ ಮೊದಲೇ ಬರೆದಿಟ್ಟುಕೊಳ್ಳಿ. ನಮ್ಮ ಕಾನೂನಿನಲ್ಲಿ ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಹಕ್ಕು. ರಿಫ್ ಬರೆದ ಗಿಟಾರಿಸ್ಟ್ ಸಂಯೋಜಕರೇ, ಸಹಾಯಕರಲ್ಲ. ಮೊದಲ ಹಾಡು ಬಿಡುವ ಮೊದಲೇ ಪಾಲು ನಿಗದಿ ಮಾಡಿ ಎಲ್ಲರೂ ಸಹಿ ಹಾಕಿ.

ಮೊದಲ ಕಾರ್ಯಕ್ರಮಕ್ಕೆ ಐಸ್-ಟಿಯ 1991ರ ಕ್ರಮವನ್ನೇ ತೆಗೆದುಕೊಳ್ಳಿ. 40 ನಿಮಿಷ ಸಿಕ್ಕರೆ ಮೊದಲ 15 ನಿಮಿಷ ನಿಮ್ಮ ರ‍್ಯಾಪ್ ಟ್ರ್ಯಾಕ್ ಮೇಲೆ, ಆಮೇಲೆ 25 ನಿಮಿಷ ಬ್ಯಾಂಡ್. ಎರಡನ್ನೂ ಹಾಡು ಬಿಟ್ಟು ಹಾಡು ಬೆರೆಸಬೇಡಿ, ಸೌಂಡ್ ಎಂಜಿನಿಯರ್ ಪ್ರತಿ ಸಲ ಎಲ್ಲ ಮಟ್ಟಗಳನ್ನೂ ಬದಲಿಸಬೇಕಾಗುತ್ತದೆ. ಬ್ಯಾಂಡಿನ ಭಾಗಕ್ಕೆ 6 ಹಾಡು ಸಾಕು, ಅತಿ ವೇಗದ್ದು ಮೂರನೆಯದಾಗಿ ಬರಲಿ. ಅಷ್ಟು ಹೊತ್ತಿಗೆ ನಿಮ್ಮ ಧ್ವನಿ ಬಿಸಿಯಾಗಿರುತ್ತದೆ, ಉಸಿರೂ ಇನ್ನೂ ಉಳಿದಿರುತ್ತದೆ.